ಮೊದಲ ಮನೆಯವರ ರಿಯಾಯಿತಿ

ಬಾಡಿಗೆ ಮನೆಯ ಅಡುಗೆ ಕೋಣೆ,
ಜೂನ್ ೨೮, ಭಾನುವಾರ

ರೀ,

ಪ್ರೀತಿಯಿಂದಲೇ ಬರೆಯುತ್ತಿದ್ದೇನೆ. ಮುಂದೆ ಓದುತ್ತಾ ಅನುಮಾನ ಬಂದರೆ ಮತ್ತೆ ಈ ಸಾಲಿಗೆ ಬನ್ನಿ. ನಿಮ್ಮ ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಮುಲಾಮು ಹಚ್ಚಿಕೊಳ್ಳಿ, ಡಬ್ಬಿ ನೋಡಿಕೊಂಡು ಕೂತರೆ ವಾಸಿಯಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಕಾರ್ಖಾನೆಯಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಜೋರು, ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಮರಗಟ್ಟಿದೆ. ಬಚ್ಚಲಿನ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತಿದೆ, ಮಾಲೀಕ ಎಂದಿನಂತೆ "ನಾಳೆ ನೋಡೋಣ" ಎನ್ನುತ್ತಿದ್ದಾನೆ.

ಇನ್ನು ನಮ್ಮ ಮನೆಯ ವಿಷಯ. ಚಪ್ಪಲಿ ಅಂಗಡಿಯ ಮೇಲಿನ ಆ ಎರಡು ಕೋಣೆಗೆ ಮುಂಗಡ ಕೊಟ್ಟ ದಿನ ಇಬ್ಬರೂ ಎಷ್ಟು ಬೀಗಿದ್ದೆವು! ಕೂಡಿಟ್ಟದ್ದು, ಬ್ಯಾಂಕಿನ ಸಾಲ, ಎರಡೂ ಸೇರಿದರೆ ಬೆಲೆಗೆ ಸರಿಹೋಯಿತು ಎಂದು ನೀವು ನಿಶ್ಚಿಂತೆಯಾಗಿ ಹಡಗು ಹತ್ತಿದಿರಿ. ಹೊಲಿಗೆಗೆ ಅಂಚು ಬಿಡದೆ ಬಟ್ಟೆ ಕತ್ತರಿಸುವವರ ಲೆಕ್ಕ ಅದು, ನನಗೂ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ನೀವು ಹೋದ ಮೇಲೆ ಬ್ರೋಕರ್ ಹಲ್ಲು ಕಿರಿಯುತ್ತಾ ಒಂದೊಂದೇ ಬಿಚ್ಚಿದ. ವಕೀಲರ ಫೀಸು, ಬ್ಯಾಂಕಿನವರು ಬಂದು ಗೋಡೆ ತಟ್ಟಿ ಹೋಗುವುದಕ್ಕೂ ಫೀಸು, ಅವನ ದಲ್ಲಾಳಿ ಕಮಿಷನ್ನು. ಎಲ್ಲಕ್ಕೂ ಮೇಲೆ ವರ್ಗಾವಣೆ ತೆರಿಗೆ, ಅಂದರೆ ಮನೆ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ದಾಟುವುದಕ್ಕೆ ಸರ್ಕಾರಕ್ಕೆ ಕಟ್ಟುವ ದುಡ್ಡು. ಇದ್ಯಾವುದೂ ಸಾಲದಲ್ಲಿ ಸೇರುವುದಿಲ್ಲವಂತೆ, ಎಲ್ಲ ನಮ್ಮ ಕೈಯಿಂದಲೇ, ನೋಂದಣಿಗೆ ಮುಂಚೆಯೇ. ಯಾಕಪ್ಪಾ ಮೊದಲೇ ಹೇಳಲಿಲ್ಲ ಎಂದರೆ "ಹೇಳಿದ್ರೆ ನೀವು ಮನೆ ನೋಡೋಕೇ ಬರ್ತಿರ್ಲಿಲ್ಲ ಅಮ್ಮಾ" ಎಂದ. ಪಾಪ, ಎಂಥ ಪ್ರಾಮಾಣಿಕ! ಈ ತಿಂಗಳೊಳಗೆ ನೋಂದಣಿ ಆಗದಿದ್ದರೆ ಮನೆಯೂ ಇಲ್ಲ, ಕೊಟ್ಟ ಮುಂಗಡವೂ ಇಲ್ಲ.

ಒಂದೇ ದಾರಿಯಿತ್ತು. ಜೀವಮಾನದಲ್ಲಿ ಮೊದಲ ಮನೆ ಕೊಳ್ಳುವವರಿಗೆ ಆ ತೆರಿಗೆಯಲ್ಲಿ ಅರ್ಧ ಮಾಫಿ. ಅಷ್ಟು ಉಳಿದರೆ ಉಳಿದ ಖರ್ಚನ್ನೆಲ್ಲ ಹೇಗೋ ತೂಗಿಸಬಹುದಿತ್ತು. ನಮಗಿಂತ ಮೊದಲ ಮನೆಯವರು ಯಾರಿದ್ದಾರೆ ಎಂದು ಎದೆಯುಬ್ಬಿಸಿಕೊಂಡು ತಿಂಗಳ ಮೊದಲಲ್ಲೇ ವಕೀಲರ ಕಚೇರಿಗೆ ಹೋದೆ. ನೀವು ಹೇಳಿದ್ದೀರೆಂದು ನಿಮ್ಮ ಅಣ್ಣನೂ ಜೊತೆಗೆ ಬಂದರು. ಬಂದವರೇ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಕಚೇರಿಯೇ ತಮ್ಮದೆನ್ನುವಂತೆ ಕಾಲ ಮೇಲೆ ಕಾಲು ಹಾಕಿದರು. "ಇಬ್ಬರ ಹೆಸರಲ್ಲೂ ಬೇರೆ ಮನೆ ಇಲ್ಲ ತಾನೆ?" ಎಂದು ವಕೀಲರು ಕೇಳಿದರು. ಇಲ್ಲ ಎಂದೆ. ನಿಮ್ಮ ಅಣ್ಣ ಕೆಮ್ಮಿದರು. ಆಮೇಲೆ ಬಾಯಿ ಬಿಟ್ಟರು, "ನನ್ನ ಮನೆ ತಗೊಳ್ಳುವಾಗ ಅರ್ಧಕ್ಕೆ ತಮ್ಮನ ಹೆಸರು ಸೇರ್ಸಿದ್ದೆ. ಅವನಿಗೆ ಮೊದಲನೇ ಮನೆ ಅಲ್ವಾ, ಅವನ ಪಾಲಿಗೆ ತೆರಿಗೆ ಕಡಿಮೆ ಬಿತ್ತು. ಹೆಸರಿಗಷ್ಟೇ, ಬಿಡಮ್ಮಾ."

ಹೆಸರಿಗಷ್ಟೇ! ಆ ಮನೆಯಲ್ಲಿ ಒಂದು ಮೊಳೆ ಹೊಡೆಯುವ ಹಕ್ಕು ನಿಮಗಿಲ್ಲ. ನಿಮ್ಮ ಅತ್ತಿಗೆ ನಮ್ಮನ್ನು ಸೋಫಾದ ತುದಿಯಲ್ಲಿ ಕೂರಿಸಿ ಗಡಿಯಾರ ನೋಡುತ್ತಾರೆ. ಆದರೂ ನೀವು ಅರ್ಧ ಮನೆಯ ಯಜಮಾನರು, ನಿಮ್ಮ ಪಾಲಿನ ರಿಯಾಯಿತಿಯನ್ನು ನಿಮ್ಮ ಅಣ್ಣ ಆಗಲೇ ನುಂಗಿ ನೀರು ಕುಡಿದಿದ್ದಾರೆ. ಮೋಸ ಮಾಡಿದರು ಎನ್ನೋಣವೆಂದರೆ ನೀವೇ ಸಹಿ ಹಾಕಿದ್ದೀರಿ, ನಾನೇ ಕಣ್ಣಾರೆ ನೋಡಿದ್ದೇನೆ. ಊಟ ಮುಗಿಸಿ ಒದ್ದೆ ಕೈಯಲ್ಲೇ ಪೆನ್ನು ಹಿಡಿದಿರಿ. ಏನು ಕಾಗದ ಎಂದು ಕೇಳಿದ್ದಕ್ಕೆ "ಅಣ್ಣ ಕೊಟ್ಟಿದ್ದು, ಓದೋದೇನಿದೆ?" ಎಂದು ನನ್ನ ಮೇಲೆಯೇ ಕಣ್ಣು ಬಿಟ್ಟಿರಿ. ಅಣ್ಣ ಚಾಚಿದ ಕಾಗದವನ್ನು ಓದಿದರೆ ಅಣ್ಣನಿಗೆ ಅವಮಾನ, ಇದು ನಿಮ್ಮ ಮನೆಯ ದೊಡ್ಡ ಶಿಸ್ತು. ಹಡಗಿನಲ್ಲಿ ಒಂದು ಬೋಲ್ಟನ್ನು ಮೂರು ಸಲ ತಿರುಗಿಸಿ ನೋಡುವ ಮನುಷ್ಯ, ಮನೆಯಲ್ಲಿ ಮಾತ್ರ ರಬ್ಬರ್ ಸ್ಟಾಂಪು. ಕೊನೆಗೆ ನಿಮ್ಮ ಅಣ್ಣ "ನಾಲ್ಕು ವರ್ಷ ತಡೀರಿ, ಮನೆ ಎಲ್ಲಿಗೂ ಓಡಿಹೋಗಲ್ಲ" ಎಂದು ಬುದ್ಧಿ ಹೇಳಿ, ಟೀ ಸಿಗುತ್ತದೆಯೇ ಎಂದು ವಕೀಲರನ್ನು ಕೇಳಿದರು. ಬಸ್ಸಿನಲ್ಲಿ ಅತ್ತುಬಿಟ್ಟೆ, ನಿಜ. ಆದರೆ ಕೋಪಕ್ಕಿಂತ ಹೇಸಿಗೆಯೇ ಹೆಚ್ಚಾಗಿತ್ತು. ಅದರಲ್ಲಿ ಅವರ ಪಾಲು ಅರ್ಧ, ನಿಮ್ಮದು ಅರ್ಧ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿದ್ದೆ ಕೆಡಬೇಡಿ. ಜೊತೆಯಲ್ಲಿ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಅಣ್ಣನಿಗೆ ಬರೆಯುವ ಪತ್ರದಲ್ಲಿ ಮಾತ್ರ ನನ್ನ ನಮಸ್ಕಾರ ಸೇರಿಸಬೇಡಿ.

ಸದ್ಯಕ್ಕಂತೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ಅಂದ ಹಾಗೆ, ಮುಖ್ಯವಾದದ್ದೇ ಬಿಟ್ಟುಹೋಯಿತು. ಶುಕ್ರವಾರ ನೋಂದಣಿ ಆಯಿತು, ನನ್ನೊಬ್ಬಳ ಹೆಸರಿಗೆ. ನನಗೆ ನಿಜವಾಗಿಯೂ ಇದು ಮೊದಲ ಮನೆ, ಹಾಗಾಗಿ ತೆರಿಗೆ ಅರ್ಧವೇ ಬಿತ್ತು. ಬ್ಯಾಂಕಿನವರು ಕಂತಿನ ವರ್ಷ ಹೆಚ್ಚಿಸಿ ನನ್ನ ಸಂಬಳದ ಮೇಲೆಯೇ ಸಾಲ ಕೊಟ್ಟರು. ಮುಂದೆ ನಿಮ್ಮ ಹೆಸರು ಸೇರಿಸಬಹುದೇ ಎಂದು ವಕೀಲರನ್ನು ಕೇಳಿದೆ. ಸೇರಿಸಬಹುದಂತೆ, ಆದರೆ ನಿಮ್ಮ ಪಾಲಿಗೆ ಮತ್ತೆ ಪೂರ್ತಿ ತೆರಿಗೆ ಕಟ್ಟಬೇಕಂತೆ. ಅಷ್ಟು ದುಡ್ಡು ಸುರಿದು ಸೇರಿಸಿಕೊಳ್ಳುವಂಥ ಹೆಸರೇ ಅದು ಎಂದು ಯೋಚಿಸುತ್ತಿದ್ದೇನೆ.