ಇಟ್ಟಿಗೆ ಪುಡಿ ಹಚ್ಚಿದ ಮುಖ

ಗುರುವಾರ, ಊಟವಾದ ಮೇಲೆ

ಬಣ್ಣದ ಕೈಯ ನನ್ನ ಮೊಮ್ಮಗಳೇ,

ಅಜ್ಜಿ ಬದುಕಿದ್ದಾಳೆ. ಕನ್ನಡಕ ನೆಟ್ಟಗಿದೆ, ನಾಲಿಗೆ ಅದಕ್ಕಿಂತ ನೆಟ್ಟಗಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೊಂಡು ಓದು.

ನೀನು ಬಣ್ಣ ತುಂಬುತ್ತಿರುವ ಮಕ್ಕಳ ಸಿನಿಮಾದ ಎರಡು ಚಿತ್ರಗಳು ತಲುಪಿದವು. ನಾನು ನಿನಗೆ ಹೇಳುತ್ತಿದ್ದ ನನ್ನ ಗೆಳತಿ ಕಿಸಕ್ಕಿಯ ಕಥೆಯನ್ನೇ ಸಿನಿಮಾ ಮಾಡುತ್ತಿದ್ದಾರೆಂದು ತಿಳಿದಾಗ ಬೀದಿಗೆಲ್ಲ ಸಾರಿಕೊಂಡು ಬಂದಿದ್ದೆ. ಮೊದಲ ಚಿತ್ರದಲ್ಲಿ ಅವಳು ಅವಳೇ: ಕಣ್ಣಿನ ಸುತ್ತ, ಬಾಯಿಯ ಸುತ್ತ ಬಿಳಿ ಮಚ್ಚೆ. ಎರಡನೆಯದರಲ್ಲಿ ಒಂದೂ ಇಲ್ಲ. ಮಕ್ಕಳು ಹೆದರುತ್ತಾರೆ, ಸೋಮವಾರದೊಳಗೆ ಎಲ್ಲ ಅಳಿಸು ಎಂದರಂತೆ ನಿನ್ನ ಡೈರೆಕ್ಟರು. ನೀನೂ ಸರಿ ಎಂದೆಯಂತೆ. ಗೆಳೆತನ ಮುಖ್ಯ ಅಜ್ಜಿ, ಮಚ್ಚೆ ಅಲ್ಲ ಎಂದು ನನಗೇ ಬುದ್ಧಿ ಬೇರೆ ಹೇಳಿದ್ದೀಯ. ಅದೇ ಸಿನಿಮಾದಲ್ಲಿ ಮೂರು ತಲೆಯ ರಾಕ್ಷಸ ಇದ್ದಾನೆ ಅಂತ ನೀನೇ ಬರೆದಿದ್ದೆಯಲ್ಲೇ? ಅವನಿಗೆ ಹೆದರದ ಮಕ್ಕಳು ಎಂಟು ವರ್ಷದ ಹುಡುಗಿಗೆ ಹೆದರುತ್ತಾರೋ?

ಆ ಎರಡನೆಯ ಚಿತ್ರವನ್ನು ನಾನು ಮೊದಲೇ ನೋಡಿದ್ದೇನೆ ಕಣೇ. ಮಾಡಿದವಳೂ ನಾನೇ.

ಕಥೆ ಹೇಳುವಾಗ ಇದನ್ನು ನುಂಗಿದ್ದೆ. ಶಾಲೆಗೆ ಫೋಟೋದವನು ಬಂದ ದಿನ, ಅವಳ ಮಚ್ಚೆ ಕಾಣದ ಹಾಗೆ ಮಾಡಿ ಕರೆದುಕೊಂಡು ಬಾ ಎಂದು ಮೇಷ್ಟ್ರು ನನಗೆ ಹೇಳಿದರು. ಶಾಲೆಯ ಹಿಂದೆ ಕೂರಿಸಿ, ಇಟ್ಟಿಗೆ ಪುಡಿಯನ್ನು ನೀರಲ್ಲಿ ಕಲಸಿ ಬಳಿದೆ. ಅವಳಿಗೋ ಮಾತಿಗೆ ಮೊದಲೇ ಕಿಸಕ್ಕನೆ ನಗು. ಅದಕ್ಕೇ ಆ ಹೆಸರು. ನಕ್ಕರೆ ಬಿರುಕು ಬಿಡುತ್ತೆ, ತುಟಿ ಬಿಗಿಹಿಡ್ಕೋ ಎಂದೆ. ಹಿಡಿದುಕೊಂಡಳು.

ಆ ವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ಅವಳದ್ದು ಬೇರೆ ಫೋಟೋ ಇರಲಿಲ್ಲ. ಬಟ್ಟೆ ಹೊಲಿಯುತ್ತಿದ್ದ ಅವಳಮ್ಮ ನಮ್ಮ ಮನೆಗೆ ಬಂದು, ನಿನ್ನ ಹತ್ರ ಇರೋ ಶಾಲೆ ಫೋಟೋನ ಒಂದ್ಸಲ ತೋರಿಸೇ ಕೂಸೇ ಎಂದರು. ಬಾಗಿಲ ಬೆಳಕಿಗೆ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಒಂದೊಂದು ಮುಖದ ಮೇಲೂ ಇಡುತ್ತಾ ಹೋದರು. ಮಗಳ ಮೇಲೂ ಇಟ್ಟರು. ದಾಟಿಸಿದರು. ಇವಳೇ ಅಮ್ಮಾ ಎಂದು ನಾನೇ ತೋರಿಸಿದೆ. ತುಂಬ ಹೊತ್ತು ನೋಡಿದರು. ಇವಳಲ್ಲ, ಇದು ಯಾರದೋ ಮಗು, ನನ್ನ ಮಗಳನ್ನ ಸೇರಿಸ್ಕೊಂಡೇ ಇಲ್ಲ ಇವರು ಎಂದರು. ಬಿಡುವೇ ಇಲ್ಲದ ನಾಲಿಗೆಯ ನಾನು ಪುಡಿಯ ವಿಷಯ ಬಾಯಿ ಬಿಡಲಿಲ್ಲ. ಅವರು ಫೋಟೋವನ್ನು ನನ್ನ ಕೈಗಿಟ್ಟು ಹೋದರು.

ಅರವತ್ತೆರಡು ವರ್ಷವಾಯಿತು. ಈಗಲೂ ಯಾರಾದರೂ ಫೋಟೋ ತೋರಿಸಿದರೆ, ಮದುವೆಯದಿರಲಿ, ನಿನ್ನ ಕಾಲೇಜಿನದಿರಲಿ, ಎಲ್ಲಿಂದಲೋ ಆ ಬೆರಳು ಬರುತ್ತದೆ. ಒಂದೊಂದೇ ಮುಖ ಹುಡುಕುತ್ತದೆ. ಮೊನ್ನೆ ನಿನ್ನ ಎರಡನೆಯ ಚಿತ್ರದ ಮೇಲೂ ಬಂತು. ನಿಲ್ಲಲಿಲ್ಲ, ದಾಟಿತು.

ಕೆಲಸ ಬಿಡು ಅನ್ನುವುದಿಲ್ಲ. ಈ ಕಾಗದವನ್ನು ನಿನ್ನ ಡೈರೆಕ್ಟರಿಗೆ ಓದಿ ಹೇಳು. ಆಮೇಲೂ ಅಳಿಸಲೇಬೇಕು ಎಂದರೆ, ಅಳಿಸುವ ಕೈ ನಿನ್ನದಾಗದಿರಲಿ.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ಮೇಷ್ಟ್ರು ಹೇಳಿದರು ಎಂದು ಬರೆದದ್ದು ಸುಳ್ಳು. ಮುಂದಿನ ಸಾಲಿನ ನಡುವೆ ಅವಳ ಜಾಗ ಎಂದು ಅವರು ಮೊದಲೇ ಹೇಳಿದ್ದರು. ಪಕ್ಕದಲ್ಲಿ ಕೂರಬೇಕಾದವಳು ನಾನು. ಆ ಮಚ್ಚೆಯ ಮುಖದ ಪಕ್ಕ ಕೂರಲು ನನಗೇ ನಾಚಿಕೆಯಾಯಿತು. ಗೆಳತಿ ಕೇಳಿದಳೆಂದು ಅವಳು ಸುಮ್ಮನೆ ಮುಖ ಒಡ್ಡಿದಳು. ಡೈರೆಕ್ಟರಿಗೆ ಓದುವಾಗ ಇದನ್ನು ಬಿಡಬೇಡ.