ಅವ್ವನಿಗೆ ಬ್ರೇಕಿಂಗ್ ಹೇಳಿದ ದಿನ

ಗಾಳಿಯೂರು, ಕಪ್ಪತಗುಡ್ಡದ ಬುಡ
೩೦ ಫೆಬ್ರವರಿ ೨೨೧೪

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಫೆಬ್ರವರಿಗೆ ಮೂವತ್ತು ದಿನ ಕಂಡು ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳೂ ಸಮ. ನನ್ನ ಮಾತುಗಳೂ ಹಾಗೆಯೇ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅವುಗಳಲ್ಲಿ ಒಂದು ಮಾತಂತೂ ನಿಮ್ಮದೇ. ನಮ್ಮ ಬಾಯಲ್ಲಿ ಅದರ ಅರ್ಥ ಬದಲಾಗಿದೆ. ಅದು ‘ಬ್ರೇಕಿಂಗ್’.

ನಿಮ್ಮ ಕಾಲದ ಸುದ್ದಿಚಿತ್ರಗಳನ್ನು ನೋಡಿದ್ದೇನೆ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ‘ಬ್ರೇಕಿಂಗ್ ನ್ಯೂಸ್’ ಎಂದು ಓಡುತ್ತದೆ. ಮಂತ್ರಿಯ ರಾಜೀನಾಮೆಗೂ ಅದೇ, ಈರುಳ್ಳಿ ದರಕ್ಕೂ ಅದೇ, ಬಸ್ಸು ಉರುಳಿ ಸತ್ತವರ ಹೆಸರಿಗೂ ಅದೇ. ಒಂದು ಚಿತ್ರದಲ್ಲಿ, ಹಾಲಿನ ಪಾಕೀಟು ಹಿಡಿದ ಹೆಂಗಸೊಬ್ಬಳು ಅಂಗಡಿಯ ಟಿವಿ ಮುಂದೆ ನಿಂತು ತನ್ನ ಗಂಡನ ಹೆಸರು ಓದುತ್ತಾಳೆ.

ನಮ್ಮಲ್ಲಿ ಬ್ರೇಕಿಂಗ್ ಎಂದರೆ ನಡೆದು ಹೋಗಿ ಮಾಡುವ ಕೆಲಸ. ಯಾರಾದರೂ ಸತ್ತರೆ ಊರಿನ ಬ್ರೇಕಿಂಗ್‌ನವರು ಆ ಮನೆಗೆ ಹೋಗಿ, ಹೇಳಿ, ಜೊತೆಗೆ ಕೂತಿರಬೇಕು. ‘ಹೇಳಿ ಆಯಿತು’ ಎಂದು ನಾವು ತಿಳಿಸುವವರೆಗೆ ಯಾವ ವಾಹಿನಿಯೂ ಹೆಸರು ಹೊರಬಿಡುವಂತಿಲ್ಲ. ‘ಅವರ ಮನೆಗೆ ಬ್ರೇಕಿಂಗ್ ಹೋಗಿದೆ’ ಎಂದರೆ ಮಕ್ಕಳು ಕೂಡ ಆಟ ನಿಲ್ಲಿಸುತ್ತಾರೆ. ಬೂದು ಶಾಲು ಹೊದ್ದು ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳು ನಾನು.

ಕಳೆದ ಶ್ರಾವಣದಲ್ಲಿ ಗುಡ್ಡದ ಗಾಳಿಕಂಬವೊಂದರೊಳಗೆ ಹಗ್ಗ ಹರಿದು ಲಿಫ್ಟು ಬಿತ್ತು. ಗಾಳಿಕಂಬವೆಂದರೆ ಕರೆಂಟು ತಯಾರಿಸುವ, ನೂರು ಆಳೆತ್ತರದ ಗೋಪುರ. ನನ್ನ ಕೈಗೆ ಬಂದ ಚೀಟಿಯಲ್ಲಿ ಒಂದೇ ಹೆಸರಿತ್ತು: ಮೈಲಾರಿ ಕಲ್ಲೂರ, ಮೂವತ್ತೊಂದು ವರ್ಷ. ನನ್ನ ತಮ್ಮ.

ಸ್ವಂತದವರಿಗೆ ನಾವೇ ಬ್ರೇಕಿಂಗ್ ಹೇಳುವಂತಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಫಕೀರಸಾಬ, “ಬ್ಯಾಡ ಅಕ್ಕಾ, ನಾ ಹೊಕ್ಕೀನಿ,” ಎಂದ.

“ನಮ್ಮವ್ವಗ ನಾನ ಹೇಳ್ತೀನಿ,” ಎಂದು ಹೊರಟುಬಿಟ್ಟೆ.

ಓಣಿಯ ತಿರುವಿನಲ್ಲಿ ಶಾಲು ತೆಗೆದು ಚೀಲಕ್ಕೆ ಹಾಕಿದೆ. ಶಾಲು ಕಂಡರೆ ಅವ್ವ ಬಾಗಿಲಲ್ಲೇ ಕುಸಿಯುತ್ತಾಳೆಂಬ ಭಯ. ಹೀಗಾಗಿ ಅವಳ ಕಣ್ಣಿಗೆ ನಾನು ಊಟಕ್ಕೆ ಬಂದ ಮಗಳಾದೆ.

“ಬಂದಿ? ಛಲೋ ಆತು. ಬಿಸಿ ರೊಟ್ಟಿ ಬಡದೀನಿ, ಕೈಕಾಲು ತೊಳ್ಕೊ.”

ಹೇಳಲು ಬಾಯಿ ತೆರೆದೆ. ತಟ್ಟೆ ಬಂತು. ಅವ್ವ ಎದುರು ಕೂತು ಮೈಲಾರಿಯ ಮಾತೇ ಆಡಿದಳು. ಬೆಳಿಗ್ಗೆ ಕಾಲಿಗೊಂದು ಬಗೆಯ ಬೂಟು ಹಾಕಿಕೊಂಡು ಹೊರಟವನು, ಓಣಿಯ ಹುಡುಗಿಯರು ನಕ್ಕ ಮೇಲೆ ತಿರುಗಿ ಬಂದನಂತೆ. “ಇಂಥವಂಗ ಯಾರ ಹೆಣ್ಣು ಕೊಡ್ತಾರ ಹೇಳು!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಬೇರೆಯವರ ಮನೆಗಳಲ್ಲಿ ಹೊಸ್ತಿಲಲ್ಲೇ ಹೇಳಿಬಿಡುತ್ತಿದ್ದವಳು, ಅಂದು ಊಟ ಮುಗಿಸಿ, ಕೈ ತೊಳೆದು, ಆಮೇಲೆ ಹೇಳಿದೆ.

ಅವ್ವ ಅಳಲಿಲ್ಲ. ನನ್ನ ಖಾಲಿ ತಟ್ಟೆ ನೋಡಿದಳು.

“ಉಣ್ಣೂವಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ತವಾ.”

“ನಾ ನಗಾಕತ್ತಿದ್ದೆ. ನೀ ನೋಡ್ಕೋತ ಕುಂತಿದ್ದಿ.”

ಇನ್ನೊಂದಿಷ್ಟು ಹೊತ್ತು ಅವನು ಅವಳ ಪಾಲಿಗೆ ಬದುಕಿರಲಿ ಎಂದು ಹಾಗೆ ಮಾಡಿದೆ ಎನ್ನಲು ಹೋದೆ. ಕೈ ಎತ್ತಿ ತಡೆದಳು. ಆ ನಗುವಿಗಾಗಿ ಅವಳು ತನ್ನನ್ನೂ ಕ್ಷಮಿಸಲಿಲ್ಲ, ನನ್ನನ್ನೂ ಕ್ಷಮಿಸಲಿಲ್ಲ. ಮೈಲಾರಿಯ ಮಣ್ಣು ಮುಗಿದ ಮರುದಿನ ಸೋದರಮಾವನ ಊರಿಗೆ ಹೋದವಳು ನನ್ನ ಯಾವ ಕರೆಗೂ ಉತ್ತರ ಕೊಡಲಿಲ್ಲ. ಎರಡು ಸಲ ಹೋದೆ. ಗೋಡೆಯ ಕಡೆ ಹೊರಳಿ ಮಲಗಿದಳು. ಪುಷ್ಯದಲ್ಲಿ ತೀರಿಕೊಂಡಳು. ಆ ಸುದ್ದಿ ತಂದವನು ಫಕೀರಸಾಬ. ಬಾಗಿಲಲ್ಲೇ ನಿಂತು, “ಅಕ್ಕಾ, ಅವ್ವ ಹ್ವಾದಳು,” ಎಂದ. ನಾನು ಕಿರುಚಿದೆ, ಅವನ ಅಂಗಿ ಹಿಡಿದು ಜಗ್ಗಿದೆ. ಅವನು ಸಂಜೆಯವರೆಗೆ ಅಲ್ಲಾಡಲಿಲ್ಲ. ಮರುವಾರ ನಾನು ಕೆಲಸ ಬಿಟ್ಟೆ.

ನಿಮ್ಮಲ್ಲಿ ಇಂಥ ಕಾಯ್ದೆ ಇಲ್ಲವೆಂದು ಬಲ್ಲೆ. ಆದರೂ, ಕೆಂಪು ಪಟ್ಟಿಯಲ್ಲಿ ಹೆಸರು ಬರೆಯುವವರು ನೀವಾದರೆ, ಆ ಮನೆಗೆ ಯಾರಾದರೂ ಹೋಗಿದ್ದಾರೆಯೇ ಎಂದು ಮೊದಲು ಕೇಳಿ. ಹೋಗಬೇಕಾದವರೇ ನೀವಾದರೆ, ಕರುಣೆಯೆಂದುಕೊಂಡು ತಡಮಾಡಬೇಡಿ. ಅವರು ನಿಮ್ಮನ್ನು ಒಳಗೆ ಕರೆಯುವ ಮೊದಲೇ ಹೇಳಿಬಿಡಿ. ಬೈದರೆ ಬೈಸಿಕೊಳ್ಳಿ. ಎದ್ದು ಹೋಗಬೇಡಿ.

ಹಂಪವ್ವ ಕಲ್ಲೂರ