ಬೆಳಗ್ಗೆ ಮಾತ್ರ ನಡುಗುವ ನೇಗಿಲು

ಕಾಗಾಲ, ಕುಮಟಾ ತಾಲೂಕು
ಆದಿತ್ಯವಾರ, ೧೯ ಜನವರಿ ೧೯೬೪

ಪ್ರೀತಿಯ ತಮ್ಮ ಮಾಬ್ಲಾ,

ಹೇಗಿದ್ದೀ? ಮುಂಬಯಿಯ ನೀರು ಮೈಗೆ ಒಗ್ಗಿತೇ? ಎಂಟು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದು ಕಾರ್ಡು. ಅದರಲ್ಲಿ ಅರ್ಧ ಪರೇಲಿನ ಖಾನಾವಳಿಯ ವಿಳಾಸ, ಉಳಿದರ್ಧದಲ್ಲಿ 'ಇಲ್ಲಿ ಬಡಿಸುವ ಕೆಲಸ, ಇನ್ನು ಯಾವ ಮಷಿನಿಗೂ ಕೈ ಹಚ್ಚುವುದಿಲ್ಲ' ಎಂಬ ಒಂದು ಸಾಲು. ಅವ್ವನಿಗೆ ಓದಿ ಹೇಳಿದೆ. "ಬಡಿಸೂ ಕೆಲ್ಸ ಅಂದ್ರೆ ಉಂಬೂಕಾದ್ರೂ ಸಿಕ್ತದೆ" ಎಂದು ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಇಟ್ಟಳು. ಅವಳ ಮಂಡಿನೋವು ಹಾಗೆಯೇ ಇದೆ, ಹೆಚ್ಚಾಗಿಲ್ಲ. ನಿನ್ನ ಅತ್ತಿಗೆ ಆರಾಮು. ನಾನೂ ಆರಾಮು ಎಂದೇ ಬರೆಯಬೇಕು. ಊಟ ಸೇರುತ್ತದೆ, ನಿದ್ರೆ ಬರುತ್ತದೆ, ಶಾಲೆಯಲ್ಲಿ ಷಟ್ಪದಿಯ ಮಾತ್ರೆ ಎಣಿಸುವಾಗ ತಪ್ಪುವುದಿಲ್ಲ. ಯಾವುದೂ ತಾಗುವುದಿಲ್ಲ, ಅಷ್ಟೇ. ದಡ್ಡುಗಟ್ಟಿದ ಅಂಗಾಲಿನಲ್ಲಿ ನಡೆದ ಹಾಗೆ.

ಈ ಕಾಗದ ಟ್ರ್ಯಾಕ್ಟರಿನ ವಿಷಯಕ್ಕೆ. ಹರಿದು ಹಾಕಬೇಡ, ಕೊನೆಯವರೆಗೆ ಓದು. ನಿನಗೆ ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಬರೆಯುತ್ತೇನೆ, ಏಕೆಂದರೆ ಕ್ರಮವಾಗಿ ಬರೆದು ನೋಡದೆ ನನಗೆ ಏನೂ ತಿಳಿಯುವುದಿಲ್ಲ. ಇದು ಮಾಸ್ತರಿಕೆಯ ಚಾಳಿ. ಕಳೆದ ವರ್ಷ ಇದೇ ಪುಷ್ಯದಲ್ಲಿ, ಬೆಳಗ್ಗೆ ಏಳು ಗಂಟೆಗೆ, ನೀನು ಸೊಸಾಯ್ಟಿಯ ಟ್ರ್ಯಾಕ್ಟರಿನಲ್ಲಿ ಶೇಂಗಾ ಬಿತ್ತಲು ಗದ್ದೆ ಹೂಡುತ್ತಿದ್ದೆ. ಎತ್ತುವ ಲಿವರ್ ಎಳೆದರೆ ನೇಗಿಲು ಒಂದೇ ಸಮನೆ ಮೇಲೆ ಬರದೆ, ಬಿಕ್ಕಳಿಕೆ ಹತ್ತಿದವನ ಹಾಗೆ ಜಗ್ಗಿ ಜಗ್ಗಿ ಬರುತ್ತಿತ್ತು. ನೇಗಿಲಿಗೆ ಭತ್ತದ ಕೂಳೆ ಸಿಕ್ಕಿಕೊಂಡಿತು. ನೀನು ನೇಗಿಲು ಎತ್ತಿ, ಕ್ಲಚ್ ತುಳಿದು ಗಾಡಿ ನಿಲ್ಲಿಸಿದೆ. ಕೂಳೆ ಬಿಡಿಸಲು, ಗದ್ದೆ ಕೆಲಸಕ್ಕೆ ನಿನ್ನ ಜೊತೆಗಿದ್ದ ಜಟ್ಟ ಅದರ ಕೆಳಗೆ ಕಾಲಿಟ್ಟ. ನೇಗಿಲು ಬಿತ್ತು. ಅವನ ಎಡಪಾದದ ಮುಂದಿನ ಅರ್ಧ ಹೋಯಿತು. ನಿನ್ನ ಕೈ ಲಿವರಿನ ಮೇಲೆಯೇ ಇತ್ತು, ಹಾಗಾಗಿ ನೀನೇ ಇಳಿಸಿದೆ ಎಂದರು. ನೀನೂ ಹಾಗೆಯೇ ನಂಬಿದೆ.

ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಮಿಸ್ತ್ರಿ ಬಂದ. ನಮ್ಮ ಟ್ರ್ಯಾಕ್ಟರೋ, ನಾಲ್ಕು ಧಣಿಗಳನ್ನು ಮುಗಿಸಿ ನಮ್ಮ ಪಾಲಿಗೆ ಬಂದ ಬೂದು ಬಣ್ಣದ ಮುದುಕ. ಆದರೂ ಆ ದಿನ ನೇಗಿಲನ್ನು ಮದುಮಗಳ ಪಲ್ಲಕ್ಕಿಯ ಹಾಗೆ ಎತ್ತಿತು, ಇಳಿಸಿತು, ಎತ್ತಿ ಹಿಡಿದು ನಿಂತಿತು. ಮಿಸ್ತ್ರಿ ಕೈ ಒರೆಸಿಕೊಂಡು, "ಮಷಿನ್ ಬರೋಬರಿ ಐತ್ರೀ. ಡ್ರೈವರನ ಕೈ ಬರೋಬರಿ ಇಲ್ಲ" ಎಂದು ಹೇಳಿ ಚಹಾ ಕುಡಿದು ಹೋದ. ಅದೇ ಸಂಜೆಯ ಸಭೆಯಲ್ಲಿ ನಾನು, ಸೊಸಾಯ್ಟಿಯ ಸೆಕ್ರೆಟರಿ, ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ: "ಈ ಕೈಗೆ ಲಿವರ್ ಕೊಟ್ಟೆ, ಕೊಟ್ಟು ನಾನೇ ಕೆಟ್ಟೆ." ಆ ವಾಕ್ಯದ ಪ್ರಾಸವೋ ಏನೋ, ಹೇಳುವಾಗ ಚೆಂದ ಕೇಳಿತು. ಮರುದಿನ ನೀನಿರಲಿಲ್ಲ.

ಈಗ ಟ್ರ್ಯಾಕ್ಟರ್ ಹೊಡೆಯುವವನು ಶುಕ್ರ. ಮಳೆಗಾಲವಿಡೀ ತಕರಾರಿಲ್ಲ. ಮೊನ್ನೆ ಜನವರಿ ಎರಡನೇ ತಾರೀಕು ಬೆಳಗ್ಗೆ ಮನೆ ಬಾಗಿಲಿಗೆ ಬಂದು, "ಮಾಸ್ತರೆ, ಅದ್ಕೆ ಮತ್ತೆ ಬಿಕ್ಕಳ್ಕೆ ಹತ್ತದೆ. ನನ್ ಕೈಯೂ ಬರೋಬರಿ ಇಲ್ಲ ಅಂದ್ಕಳ್ರಿ, ನಾ ಹತ್ತೂದಿಲ್ಲ" ಎಂದು ಚಾವಿಯನ್ನು ಜಗಲಿಯ ಮೇಲಿಟ್ಟ. ಅವನ ಮಾತಿನ ಕೊಕ್ಕೆ ನನಗೆ ಅರ್ಥವಾಯಿತು. ಆದರೆ ಚುಚ್ಚಲಿಲ್ಲ. ಚಾವಿ ತೆಗೆದುಕೊಂಡು ಹೋದೆ.

ಟ್ರ್ಯಾಕ್ಟರಿನ ಪುಸ್ತಕ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ನಡುವೆ ಡಿಕ್ಷನರಿ ಇಟ್ಟುಕೊಂಡು ಮೂರು ಸಂಜೆ ಓದಿದೆ. ನೇಗಿಲು ಜಗ್ಗಿದರೆ ಮೊದಲು ಎಣ್ಣೆಯ ಮಟ್ಟ ನೋಡಬೇಕಂತೆ. ನೋಡಿದೆ, ಕಡ್ಡಿಯ ಗುರುತಿಗೆ ಸರಿಯಾಗಿತ್ತು. ಪಂಪು ಗಾಳಿ ಎಳೆಯುತ್ತಿದೆಯೇ ನೋಡಬೇಕಂತೆ, ಬೋಲ್ಟುಗಳನ್ನೆಲ್ಲ ಬಿಗಿದೆ. ನೇಗಿಲು ಕಟ್ಟಿದ ಸರಳು, ಪಿನ್ನು, ಸರಪಳಿ ಒಂದೊಂದನ್ನೂ ಅಲ್ಲಾಡಿಸಿ ನೋಡಿದೆ. ಎಲ್ಲ ಸರಿ, ಆದರೆ ನೇಗಿಲು ಮಾತ್ರ ನಡುಗುತ್ತಲೇ ಇತ್ತು. ಶಾಲೆಗೆ ಹೊತ್ತಾಯಿತೆಂದು ಬಿಟ್ಟು ಹೋಗಿ, ಮಧ್ಯಾಹ್ನ ಬಂದು ಲಿವರ್ ಎಳೆದರೆ ಮತ್ತೆ ಪಲ್ಲಕ್ಕಿ! ಮೂರು ದಿನ ಹೀಗೆಯೇ. ಬೆಳಗ್ಗೆ ಬಿಕ್ಕಳಿಕೆ, ಮಧ್ಯಾಹ್ನ ಮೆರವಣಿಗೆ. ಮೇ ತಿಂಗಳ ಮಿಸ್ತ್ರಿಗೆ ಯಾಕೆ ಏನೂ ಸಿಕ್ಕಲಿಲ್ಲ ಎಂಬುದು ಆಗ ಸ್ವಲ್ಪ ಹೊಳೆಯಿತು.

ನಾಲ್ಕನೆಯ ಬೆಳಗ್ಗೆ ಒಂದು ಪರೀಕ್ಷೆ ಮಾಡಿದೆ. ನೇಗಿಲನ್ನು ಎತ್ತಿದೆ. ಜಟ್ಟನ ಕಾಲು ಇದ್ದಲ್ಲಿ ಒಂದು ಬಾಳೆದಿಂಡು ಇಟ್ಟೆ. ನೀನು ಮಾಡಿದಂತೆಯೇ ಕ್ಲಚ್ ತುಳಿದೆ. ಲಿವರ್ ಮುಟ್ಟಲಿಲ್ಲ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡೆ. ಕ್ಲಚ್ ತುಳಿದರೆ ಈ ಮಷಿನಿನ ಎಣ್ಣೆ ಪಂಪೂ ನಿಲ್ಲುತ್ತದೆ, ಆಮೇಲೆ ನೇಗಿಲನ್ನು ಹಿಡಿದಿಡುವುದು ಒಳಗಿನ ಒಂದು ಸಣ್ಣ ವಾಲ್ವು ಮಾತ್ರ. ನಾಲ್ಕು ಎಣಿಸುವಷ್ಟರಲ್ಲಿ ನೇಗಿಲು ಬಿತ್ತು, ಬಾಳೆದಿಂಡು ಎರಡಾಯಿತು. ಮಾಬ್ಲಾ, ನೀನು ಇಳಿಸಲಿಲ್ಲ. ನೀನು ಗಾಡಿ ನಿಲ್ಲಿಸಿದೆ, ಜಟ್ಟನಿಗೆ ಪೆಟ್ಟಾಗದಿರಲಿ ಎಂದು. ಅದು ತಾನಾಗಿ ಬಿತ್ತು. ಇದನ್ನು ತಿಳಿದಾಗ ನಾನು ಅಳಬೇಕಿತ್ತು, ಇಲ್ಲವೇ ಸಂತೋಷದಿಂದ ನಿನಗೆ ತಂತಿ ಕೊಡಬೇಕಿತ್ತು. ದಿಂಡಿನ ಎರಡು ತುಂಡನ್ನೂ ಎತ್ತಿ ದನಗಳಿಗೆ ಹಾಕಿ ಶಾಲೆಗೆ ಹೋದೆ.

ಕಾರಣ ಸಿಕ್ಕಿದ್ದು ಬಾವಿಕಟ್ಟೆಯಲ್ಲಿ. ಹೋದ ಆದಿತ್ಯವಾರ ನಿನ್ನ ಅತ್ತಿಗೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದಳು. ಚಳಿಗೆ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು, ಹತ್ತು ಗಂಟೆಯ ಬಿಸಿಲು ಬೀಳದೆ ಅದು ಅಲ್ಲಾಡುವುದಿಲ್ಲ. ಪ್ರತಿ ವರ್ಷ ನೋಡುವ ಬಾಟಲಿ. ಅದನ್ನು ನೋಡುತ್ತಾ ನಿಂತವನು ಲುಂಗಿ ಎತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗಿನ ಬಿರಡೆ ಬಿಚ್ಚಿದರೆ ಎಣ್ಣೆ ಸುರಿಯಲಿಲ್ಲ, ಗಂಜಿಯ ಹಾಗೆ ತಟತಟ ಇಳಿಯಿತು. ಬೂದು ಬಣ್ಣದ ಗಂಜಿ, ಅದರಲ್ಲಿ ಬಿಳಿ ಅಗುಳು. ಪಂಪಿನ ಜರಡಿಯ ಕಣ್ಣುಗಳೆಲ್ಲ ತುಪ್ಪ ಬಳಿದ ಹಾಗೆ ಮುಚ್ಚಿದ್ದವು. ಎಣ್ಣೆ ಸಾಲದೆ ನೇಗಿಲು ಜಗ್ಗುತ್ತಿತ್ತು, ವಾಲ್ವಿನ ಬಾಯಲ್ಲಿ ಅಗುಳು ಸಿಕ್ಕಿ ಅದು ಮುಚ್ಚಿಕೊಳ್ಳುತ್ತಿರಲಿಲ್ಲ. ಬೆರಳಿಗೆ ಹಚ್ಚಿ ಮೂಸಿದೆ. ತೆಂಗಿನೆಣ್ಣೆ.

ಸುದ್ದಿ ಊರಿಗೆಲ್ಲ ಹಬ್ಬಿತು, ಯಾರು ಹೊಯ್ದದ್ದು ಎಂದು ಯಾರೂ ಹುಡುಕಬೇಕಾಗಲಿಲ್ಲ. ನಿನಗೂ ನೆನಪಿರಬಹುದು, ಜಟ್ಟನ ಕಾಲು ಹೋಗುವುದಕ್ಕೆ ಮುಂಚಿನ ದೀಪಾವಳಿಯಲ್ಲಿ ಅವ್ವ ಎತ್ತುಗಳಿಗೆ ಗೊಟ್ಟದಲ್ಲಿ ಎಣ್ಣೆ ಕುಡಿಸಿದವಳು, ಅದೇ ಬಿದಿರಿನ ಗೊಟ್ಟ ಹಿಡಿದು ಟ್ರ್ಯಾಕ್ಟರಿನ ಶೆಡ್ಡಿಗೂ ಬಂದಿದ್ದಳು. "ಗದ್ದೆ ಹೂಡೂದು ಇದೂ ಅಲ್ವೊ? ಇದ್ಕೆ ಯಾಕೆ ಇಲ್ಲ?" ಎಂದು, ಎಣ್ಣೆ ಹಾಕುವ ಬಾಯಿ ನಿನ್ನಿಂದಲೇ ತೆಗೆಸಿ ಒಂದು ಗೊಟ್ಟ ಕುಡಿಸಿದಳು. ನಾವೆಲ್ಲ ನಕ್ಕೆವು. ನಾನು ಅಲ್ಲೇ ಎರಡು ಸಾಲು ಕಟ್ಟಿದ್ದೆ:

ಎತ್ತಿಗೂ ಎಣ್ಣೆ, ಯಂತ್ರಕೂ ಎಣ್ಣೆ,
ಬಿ.ಎ. ಓದಿದ ಮಾಸ್ತರಗೆ ಸೊನ್ನೆ.

ಈಗ ಊರವರು ಅವ್ವನನ್ನು ನೋಡಿ ನಗುತ್ತಾರೆ. ಅವಳು ನಗುವುದಿಲ್ಲ. "ನಂದೇ ತಪ್ಪು ತಮಾ. ಜಟ್ಟನ ಕಾಲು ತಿಂದವಳು ನಾನೇಯಾ. ಮಾಬ್ಲಗೆ ಹಂಗೇ ಬರಿ, ಮನೆಗೆ ಬಾ ಅಂತ ಬರಿ" ಎಂದಳು. ಅವಳು ಹೇಳಿದಂತೆ ಬರೆದಿದ್ದೇನೆ. ಪಾಪ, ಎಪ್ಪತ್ತು ದಾಟಿದ ಜೀವ, ತಿಳಿಯದೆ ಮಾಡಿದ್ದು.

ಹಳೆಯ ಎಣ್ಣೆಯನ್ನೆಲ್ಲ ಬಸಿದು, ಜರಡಿ ಮತ್ತು ವಾಲ್ವು ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದೆವು. ಶುಕ್ರನೂ ಕೈ ಕೂಡಿಸಿದ. ಹುಬ್ಬಳ್ಳಿಯ ಲಾರಿಯಲ್ಲಿ ಸರಿಯಾದ ಎಣ್ಣೆ ಶುಕ್ರವಾರ ಬಂತು. ನಿನ್ನೆ ಬೆಳಗ್ಗೆ ಆರಕ್ಕೆ, ಹುಲ್ಲಿನ ಮೇಲೆ ಇಬ್ಬನಿ ಇರುವಾಗಲೇ, ನೇಗಿಲು ಒಂದೇ ಉಸಿರಿಗೆ ಮೇಲೆ ಬಂತು. ಕ್ಲಚ್ ತುಳಿದು ಕೂತೆ. ನೂರು ಎಣಿಸಿದೆ, ಇನ್ನೂರು ಎಣಿಸಿದೆ, ಬೀಳಲಿಲ್ಲ. ಶುಕ್ರ, "ಆತು ಮಾಸ್ತರೆ, ಇಳೀರಿ. ಅದು ನಿತ್ಕಂಡದೆ, ನೀವೂ ನಿತ್ಕಳಿ" ಎಂದ ಮೇಲೆಯೇ ಇಳಿದೆ.

ಬರುವ ತಿಂಗಳು ಸಭೆ ಇದೆ. ನಿನ್ನ ಹೆಸರಿನ ಮೇಲಿನ ಮಾತನ್ನು ಅಳಿಸಿ ಹಾಕುವುದಾಗಿ ಚೇರ್ಮನ್ನರು ಒಪ್ಪಿದ್ದಾರೆ. ಊಟ ಬಿಡಬೇಡ, ಸಮುದ್ರದ ಗಾಳಿಗೆ ಮೈಯೊಡ್ಡಿ ಮಲಗಬೇಡ. ಅವ್ವ ತಲೆ ನೇವರಿಸಿದ್ದಾಳೆ ಎಂದು ತಿಳಿ, ಅತ್ತಿಗೆ ಒಂದು ಮುಡಿ ಅಕ್ಕಿ ನಿನ್ನ ಪಾಲಿಗೆಂದು ತೆಗೆದಿಟ್ಟಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಣ್ಣ,
ದೇವಪ್ಪ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದಿದ್ದೇನೆ. ಜಟ್ಟನ ಜಗಲಿಯಲ್ಲಿ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಪೋಸ್ಟಿಗೆ ಹಾಕಲು ಹೋಗುವಾಗ ಅವನು ಕರೆದು, "ಮಾಬ್ಲಗೆ ಎಂತ ಬರದ್ರಿ?" ಎಂದ. ಅವ್ವನ ಗೊಟ್ಟದ ಕತೆ ಹೇಳಿದೆ. ಅವನ ಹೆಂಡತಿ ಸುಬ್ಬಿ ನಕ್ಕಳು, ಅವನು ನಗಲಿಲ್ಲ. ಕೋಲು ಊರಿ ಎದ್ದು, ಅವಳನ್ನು ಒಳಗೆ ಕಳಿಸಿ, ಮೆಲ್ಲಗೆ ಹೇಳಿದ: "ಒಂದು ಗೊಟ್ಟದಾಗೆ ಅದ್ರ ಹಲ್ಲೂ ಒದ್ದೆ ಆಗೂದಿಲ್ಲ ಮಾಸ್ತರೆ. ದೀಪಾವಳಿ ಮಾರ್ನೆ ದಿನ ಗಾಣದಿಂದ ಎಣ್ಣೆ ಡಬ್ಬಿ ಹೊತ್ಕಂಡ್ ಬಂದವ ನಾನೇಯಾ. ಶೆಡ್ಡಿಗೆ ತಕಂಬಾ ಅಂದವ್ರು ನೀವು."

ಹೌದು, ಮಾಬ್ಲಾ. ಆ ದಿನ ಕಡ್ಡಿ ಅದ್ದಿದರೆ ಎಣ್ಣೆ ಅರ್ಧಕ್ಕಿಂತ ಕೆಳಗಿತ್ತು. ಹುಬ್ಬಳ್ಳಿಗೆ ಬರೆದು ತರಿಸುವುದನ್ನು ನಾನು ಮರೆತಿದ್ದೆ, ಹೂಟಿ ಎದುರಿಗಿತ್ತು, ಚೇರ್ಮನ್ನರು ಕೇಳುತ್ತಿದ್ದರು. ಅವ್ವನ ಗೊಟ್ಟ ಕುಡಿದು ಸುಮ್ಮನಿದ್ದ ಮಷಿನು ಒಂದು ಡಬ್ಬಿಯನ್ನೂ ಕುಡಿಯಬಹುದು ಎಂದುಕೊಂಡೆ. ಪೂರ್ತಿ ಡಬ್ಬಿ ನನ್ನ ಕೈಯಾರೆ ಹೊಯ್ದೆ. ಬಾವಿಕಟ್ಟೆಯ ಬಾಟಲಿ ನೋಡುವವರೆಗೂ ಅದು ನೆನಪಿಗೇ ಬಂದಿರಲಿಲ್ಲ. ನೆನಪಾದ ಮೇಲೂ ಒಂದು ವಾರ ಅವ್ವನನ್ನು ಮುಂದಿಟ್ಟುಕೊಂಡೆ, ಮೇಲಿನ ಪುಟಗಳಲ್ಲಿ ನಿನ್ನೆದುರೂ ಇಟ್ಟೆ. ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ, ಈ ಸಲ ಪ್ರಾಸವಿಲ್ಲದೆ. ಅವ್ವನಿಗೆ ಇವತ್ತೇ ಹೇಳುತ್ತೇನೆ.

ಜಟ್ಟನಿಗೆ ಕೈ ಮುಗಿಯಲು ಹೋದೆ. ಅವನು ಕೈ ಬಿಡಿಸಿ, "ನಿಮ್ಮವ್ವನ ಹೆಸ್ರು ಹೊಡ್ದು ಹಾಕ್ರಿ, ನಿಮ್ ಹೆಸ್ರು ಬರೀರಿ" ಎಂದ. "ಅವ್ವ ಮಾಡದ್ದು ಅಂದ್ರೆ ಅವ ಅಲ್ಲೇ ಕೂತು ಅಳ್ತಾ. ನೀವು ಮಾಡದ್ದು ಅಂದ್ರೆ ಸಿಟ್ಟು ಬತ್ತದೆ. ಸಿಟ್ಟು ಬಂದ್ರೆ ಬೈಯೂಕಾದ್ರೂ ಊರಿಗೆ ಬತ್ತ."

ಸಿಟ್ಟು ಮಾಡಿಕೊಂಡೇ ಬಾ.